ಲೆಕ್ಕಕ್ಕೆ ಮೊದಲೇ ಮಿತಿ ಯಾಕೆ?

ಪ್ರಶ್ನೆ: ಮಾಡ್ಯುಲರ್ ಬಹುಪದಿಗಳ ಸಹಗುಣಕಗಳಿಗೆ ಮಿತಿ ಕಂಡುಹಿಡಿಯುವುದರ ಬಗ್ಗೆ ಓದಿದೆ. ಸಹಗುಣಕವನ್ನೇ ಲೆಕ್ಕ ಹಾಕಿದರೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ, ಅಲ್ವಾ? ಮಿತಿ ಯಾಕೆ ಬೇಕು?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಆ ಲೆಕ್ಕ ಹಾಕುವುದಕ್ಕೇ ಮಿತಿ ಬೇಕು, ತಮಾಷೆ ಇರುವುದೇ ಅಲ್ಲಿ.

ಪ್ರತಿ ಅವಿಭಾಜ್ಯಕ್ಕೂ ಎರಡು ಚರಗಳ ಒಂದು ಮಾಡ್ಯುಲರ್ ಬಹುಪದಿ (ದೀರ್ಘವೃತ್ತೀಯ ವಕ್ರರೇಖೆಗಳ ನಡುವಿನ ಸಂಬಂಧ ಹೇಳುವ ಬಹುಪದಿ) ಇದೆ. ಅದರ ಪ್ರತಿ ಪದದ ಮುಂದಿರುವ ಪೂರ್ಣಾಂಕವೇ ಸಹಗುಣಕ. ಅತಿ ಚಿಕ್ಕ ಅವಿಭಾಜ್ಯ 2. ಅದರ ಬಹುಪದಿಯಲ್ಲೇ 1488, 40773375 ಎಲ್ಲ ಬಂದು, ಸ್ಥಿರಪದ −157464000000000 ಆಗಿ ಕೂತಿದೆ. 15 ಅಂಕಿ! (ಚಿಹ್ನೆ ಬಿಟ್ಟರೆ ಅದು 54000ರ ಘನ.)

ಇಂಥ ಸಂಖ್ಯೆಗಳ ಜೊತೆ ನೇರವಾಗಿ ಗುದ್ದಾಡುವ ಬದಲು, ಬೇರೆ ಬೇರೆ ಅವಿಭಾಜ್ಯಗಳಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನಷ್ಟೇ ಕಂಡುಕೊಂಡು, ಆಮೇಲೆ ಚೀನೀ ಶೇಷ ಪ್ರಮೇಯ (ಶೇಷಗಳಿಂದ ಮೂಲ ಸಂಖ್ಯೆಯನ್ನು ಕಂಡುಹಿಡಿಯುವ ವಿಧಾನ) ಬಳಸಿ ಜೋಡಿಸುವ ಒಂದು ದಾರಿ ಇದೆ. ಆದರೆ ಎಲ್ಲಿ ನಿಲ್ಲಿಸಬೇಕು? 1488ನ್ನೇ ತಗೊಳ್ಳಿ. 11ರಿಂದ ಭಾಗಿಸಿದರೆ ಶೇಷ 3, 13ರಿಂದ 6. ಎರಡನ್ನೂ ಜೋಡಿಸಿದರೆ 58 ಬರುತ್ತದೆ, ಪೂರ್ತಿ ತಪ್ಪು. 17ನ್ನೂ ಸೇರಿಸಿ, ಶೇಷ 9. ಈಗ 1488 ಬಂತು, ಆದರೆ −943ಕ್ಕೂ ಇವೇ ಮೂರು ಶೇಷಗಳು! ಯಾವುದು ನಿಜ ಅಂತ ಶೇಷಗಳು ಹೇಳುವುದಿಲ್ಲ. ಚಿಹ್ನೆ ಬಿಟ್ಟು ನೋಡಿದರೆ ಸಹಗುಣಕ ಇಷ್ಟನ್ನು ದಾಟುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ, (ಧನವೂ ಆಗಬಹುದು, ಋಣವೂ ಆಗಬಹುದು ಅಂತ) ಭಾಜಕಗಳ ಗುಣಲಬ್ಧ ಆ ಮಿತಿಯ ಎರಡರಷ್ಟನ್ನು ದಾಟಿದ ಕೂಡಲೇ ನಿಶ್ಚಿಂತೆಯಿಂದ ನಿಲ್ಲಿಸಬಹುದು.

ಬಹುಪದಿ ಯಾವ ಅವಿಭಾಜ್ಯದ್ದೋ ಅದನ್ನು 'ಪ' ಅನ್ನೋಣ. ಅತಿ ದೊಡ್ಡ ಸಹಗುಣಕದ ಸಹಜ ಲಾಗರಿದಮ್ ಸುಮಾರು 6ಪ × ಲಾಗ್ ಪ, ಜೊತೆಗೆ 'ಪ'ದ ಒಂದಿಷ್ಟು ಪಟ್ಟು ಹೆಚ್ಚುಕಮ್ಮಿ ಅಂತ ಗಣಿತಜ್ಞೆ ಪೌಲಾ ಕೋಹೆನ್ 1984ರಲ್ಲಿ ತೋರಿಸಿದರು. ಸಿದ್ಧಾಂತಕ್ಕೆ ಇದು ಸಾಕು, ಕಂಪ್ಯೂಟರಿಗೆ ಸಾಲದು. 'ಒಂದಿಷ್ಟು' ಅಂದರೆ ಎಷ್ಟು? ಗಣಿತಜ್ಞರಾದ ಬ್ರೋಕರ್ ಮತ್ತು ಸದರ್ಲ್ಯಾಂಡ್ ಅದಕ್ಕೆ ಅಂಕಿ ಕೊಟ್ಟರು: 6ಪ × ಲಾಗ್ ಪ + 18ಪ, ಆ ಲಾಗರಿದಮ್ ಇದನ್ನು ಎಂದೂ ದಾಟುವುದಿಲ್ಲ. ನನಗೆ ಇಷ್ಟವಾಗಿದ್ದು ಈ 18.

2ಕ್ಕೆ ಹಾಕಿ ನೋಡಿ. ಲಾಗರಿದಮ್ 44.3 ಬರುತ್ತದೆ, ಅಂದರೆ 20 ಅಂಕಿಯ ಸಂಖ್ಯೆ. ನಿಜವಾದದ್ದು 15 ಅಂಕಿ ತಾನೇ, ಮಿತಿ ಸಡಿಲವಾಯಿತಲ್ಲ ಅನ್ನಬಹುದು. ಪರವಾಗಿಲ್ಲ. ಮಿತಿ ಜಾಸ್ತಿಯಾದರೆ ಸುಮ್ನೆ ನಾಲ್ಕು ಅವಿಭಾಜ್ಯ ಹೆಚ್ಚಿಗೆ ಬೇಕಾಗುತ್ತವೆ, ಅಷ್ಟೇ. ಕಡಿಮೆಯಾದರೆ 1488 ಇರಬೇಕಾದ ಕಡೆ 58 ಬಂದು ಕೂರುತ್ತದೆ, ಗೊತ್ತೂ ಆಗುವುದಿಲ್ಲ. 1009ರ ಬಹುಪದಿಯಲ್ಲಂತೂ (ಎರಡು ಚರಗಳನ್ನು ಅದಲುಬದಲು ಮಾಡಿದರೂ ಅದೇ ಬರುವುದರಿಂದ ಜೋಡಿಗಳನ್ನು ಒಮ್ಮೆ ಮಾತ್ರ ಎಣಿಸಿದರೂ) ಸುಮಾರು 5 ಲಕ್ಷ ಸಹಗುಣಕಗಳು, ಮಿತಿಯ ಪ್ರಕಾರ ಒಂದೊಂದೂ 26 ಸಾವಿರ ಅಂಕಿಯವರೆಗೆ ಬೆಳೆಯಬಹುದು. ಅದರಲ್ಲಿ ಆ 58ನ್ನು ಎಲ್ಲಿ ಅಂತ ಹುಡುಕುತ್ತೀರಿ?