ಕಾಗೆ ಮುಟ್ಟದ ಪಿಂಡ, ಲಾಲ್‌ಬಾಗಿನ ಬಂಡೆ

ಮುರಳಿ ಅಂತ ಕರೆಯೋಣ. ಹೆಸರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯೋದಕ್ಕೆ ಅವರ ಒಪ್ಪಿಗೆಯೂ ಇದೆ. ನಲವತ್ತರ ಆಸುಪಾಸು, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ಹೆಂಡತಿ, ಒಬ್ಬಳು ಮಗಳು. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದ್ದು ಹೆಂಡತಿ. "ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕತ್ತಲಲ್ಲಿ ಕೂತಿರ್ತಾರೆ ಮೇಡಂ, ಮಾತಾಡಿಸಿದ್ರೆ ಸಿಡುಕ್ತಾರೆ" ಅಂತ ಫೋನಿನಲ್ಲಿ ಹೇಳಿದ್ದರು.

ಮುರಳಿ ಬಂದು ಕೂತವರೇ ಶುರು ಮಾಡಿದರು. "ನಾನು ನಾಸ್ತಿಕ ಅಲ್ಲ. ಆದ್ರೆ ಯಾವ ಧರ್ಮವೂ ನನಗೆ ಬೇಡ. ಇದು ಕಾಯಿಲೆ ಅಲ್ವಲ್ಲ?"

ಅಲ್ಲ ಅಂದೆ. ಅಷ್ಟಕ್ಕೆ ಬಿಡಲಿಲ್ಲ. 2011ರ ಜನಗಣತಿಯಲ್ಲಿ ಧರ್ಮ ಹೇಳದವರು 28 ಲಕ್ಷ ದಾಟುತ್ತಾರೆ, ಧರ್ಮ ಯಾವುದು ಅಂತ ಹೇಳಲೇಬೇಕೆಂದು ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಅಂತ ಬಾಂಬೆ ಹೈಕೋರ್ಟ್ 2014ರಲ್ಲೇ ಹೇಳಿದೆ, ಸಂವಿಧಾನದ 25ನೇ ವಿಧಿ ಕೊಡೋದು ಆತ್ಮಸಾಕ್ಷಿಯ ಸ್ವಾತಂತ್ರ್ಯ, ಹೀಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಎಲ್ಲ ಸರಿಯಾಗಿಯೇ ಇತ್ತು. "ಇಷ್ಟೆಲ್ಲ ಯಾರಿಗೆ ಹೇಳೋದಕ್ಕೆ ತಯಾರಿ ಮಾಡ್ಕೊಂಡಿದ್ರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಪ್ಪನಿಗೆ" ಅಂದರು.

ಮೊದಲ ಭೇಟಿಯಲ್ಲೇ ನಾನು ನಂಬಿಕೆಯ ಬಗ್ಗೆ ಕೇಳುತ್ತೇನೆ. ಊಟ, ನಿದ್ದೆ ಕೇಳಿದ ಹಾಗೆಯೇ. ರೋಗಿಯ ನಂಬಿಕೆಯನ್ನು ಕೇಳಿ ತಿಳಿದುಕೊಳ್ಳಿ, ನಿಮ್ಮ ನಂಬಿಕೆಯನ್ನಾಗಲಿ ಅಪನಂಬಿಕೆಯನ್ನಾಗಲಿ ಅವರ ಮೇಲೆ ಹೇರಬೇಡಿ ಅಂತ ವಿಶ್ವ ಮನೋವೈದ್ಯಕೀಯ ಸಂಘ 2016ರಲ್ಲಿ ಮನೋವೈದ್ಯರಿಗೆ ಹೇಳಿದೆ. ಆಪ್ತಸಲಹೆಗಾರರಿಗೂ ಅದು ಸಲ್ಲುತ್ತೆ. ನಮ್ಮಲ್ಲಿ ಕೆಲವರು ಎರಡನೇ ಭೇಟಿಗೇ "ಒಂದು ಸಲ ದೇವಸ್ಥಾನಕ್ಕೆ ಹೋಗಿ ಬನ್ನಿ" ಅಂತಾರೆ. ಇನ್ನು ಕೆಲವರು ಅದನ್ನೆಲ್ಲ ಮೂಢನಂಬಿಕೆ ಅಂತ ನಗ್ತಾರೆ. ಎರಡೂ ಒಂದೇ ತಪ್ಪು.

ಮುರಳಿ ಸುಮಾರು 15 ವರ್ಷದಿಂದ ಪೂಜೆ ಮಾಡಿಲ್ಲ. ಆದರೆ ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಗೇಟ್ ತೆಗೆಯುತ್ತಿದ್ದಂತೆ ಹೋಗಿ, ಕೆಂಪೇಗೌಡರ ಗೋಪುರ ಇರುವ ಬಂಡೆಯ ಮೇಲೆ ಕೂರುತ್ತಾರೆ. ಸುಮಾರು 300 ಕೋಟಿ ವರ್ಷದ ಬಂಡೆ ಅದು. "ಅಲ್ಲಿ ಕೂತ್ರೆ ನಾನು ಏನೂ ಅಲ್ಲ ಅನ್ಸುತ್ತೆ, ಆದ್ರೆ ಅದರಿಂದ ಭಯ ಆಗಲ್ಲ, ಸಮಾಧಾನ ಆಗುತ್ತೆ" ಅಂದರು. ಅಮ್ಮನಿಗೆ ಹೇಳಿದರೆ "ದೇವರಿಗೆ ಕೈ ಮುಗಿಯದೋನು ಕಲ್ಲಿಗೆ ಮುಗೀತೀಯಾ" ಅಂದರಂತೆ. ವಿಚಾರವಾದಿ ಗೆಳೆಯರ ಹತ್ತಿರ ಹೇಳಿದರೆ "ಓ, ಸ್ವಾಮೀಜಿ ಬಂದ್ರು" ಅಂತ ನಕ್ಕರಂತೆ. ಅತ್ತ ದರಿ, ಇತ್ತ ಪುಲಿ.

ಇದೆಲ್ಲ ಮೊದಲಿಂದ ಇದ್ದದ್ದೇ. ನಾಲ್ಕು ಗಂಟೆಗೆ ಏಳೋದು ಮಾತ್ರ ಹೊಸದು. ಹಿಂದಿನ ವರ್ಷ ಅಪ್ಪ ತೀರಿಕೊಂಡ ಮೇಲೆ ಶುರುವಾಗಿದ್ದು.

ಮೂರನೇ ಭೇಟಿಯಲ್ಲಿ ಆ ಹತ್ತನೇ ದಿನದ ವಿಷಯ ಬಂತು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಕಾವೇರಿ ದಂಡೆ. ಹಿರಿಮಗ ಅಂತ ಇವರೇ ಕೂತಿದ್ದರು. ನಂಬಿಕೆ ಇಲ್ಲದಿದ್ದರೂ ಜಗಳ ಬೇಡ ಅಂತ ಎಲ್ಲ ಮಾಡಿದ್ದರು. ಕಾಗೆಗೆ ಪಿಂಡ ಇಟ್ಟರು. ಕಾಗೆಗಳು ಮರದಲ್ಲೇ ಇದ್ದವು, ಇಳಿಯಲಿಲ್ಲ. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು, ಬಿಸಿಲು ಏರಿತು, ಒದ್ದೆ ಪಂಚೆ ಮೈಮೇಲೇ ಒಣಗಿತು. ಹಿಂದೆ ನಿಂತಿದ್ದ ಚಿಕ್ಕಪ್ಪ ಎಲ್ಲರಿಗೂ ಕೇಳುವ ಹಾಗೆ, "ಶ್ರದ್ಧೆ ಇಲ್ದೋನು ಇಟ್ರೆ ಯಾವ ಕಾಗೆ ಮುಟ್ಟುತ್ತೆ" ಅಂದರು. ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದರು.

ಅಷ್ಟೊಂದು ಜನ ಸುತ್ತ ನಿಂತು ಕೈ ಬೀಸುತ್ತಿದ್ದರೆ ಕಾಗೆ ಹೇಗೆ ಇಳಿಯುತ್ತೆ, ಅದು ಮೊದಲೇ ಹುಷಾರಿನ ಹಕ್ಕಿ. ನಾನು ಅದನ್ನು ಹೇಳಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ವರ್ಷವಿಡೀ ನಿದ್ದೆ ಬಂದಿಲ್ಲ. ಬದಲಿಗೆ, "ಅಪ್ಪನಿಗೂ ಕಾಗೆಗೂ ಏನಾದ್ರೂ ನಂಟಿತ್ತಾ?" ಅಂತ ಕೇಳಿದೆ. ಸುಮ್ನೆ ಕೇಳಿದ್ದು ನಿಜ, ದೊಡ್ಡ ಒಳನೋಟ ಏನಲ್ಲ. ಮನುಷ್ಯ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಅಪ್ಪ ದಿನಾ ಊಟಕ್ಕೆ ಕೂರುವ ಮುಂಚೆ ಒಂದು ಹಿಡಿ ಅನ್ನ ಕಾಂಪೌಂಡ್ ಗೋಡೆ ಮೇಲೆ ಇಡುತ್ತಿದ್ದರಂತೆ. ಕಾಲು ಕುಂಟುವ ಒಂದು ಕಾಗೆ ಇತ್ತಂತೆ, ಅದು ಬರುವ ತನಕ ಅಪ್ಪ ತಟ್ಟೆ ಮುಟ್ಟುತ್ತಿರಲಿಲ್ಲ.

ಇಲ್ಲಿಗೆ ವಿಷಯ ತಿಳಿಯಾಯಿತು. ಬೆಳಗಿನ ಜಾವ ಕತ್ತಲಲ್ಲಿ ಕೂರೋದನ್ನು ಅವರು ಧ್ಯಾನ ಅಂದುಕೊಂಡಿದ್ದರು, ಅದು ಧ್ಯಾನವೇ ಆಗಿರಲಿಲ್ಲ, ಅಳು ಬಾರದಂತೆ ಹಿಡಿದುಕೊಂಡು ಕೂರುವುದಾಗಿತ್ತು. ಧರ್ಮ ಬಿಟ್ಟವರಲ್ಲಿ ನಾನು ಇದನ್ನು ಜಾಸ್ತಿ ನೋಡಿದ್ದೇನೆ. ದೇವರು ಇದ್ದಾನಾ ಇಲ್ವಾ ಅನ್ನೋದು ಅವರನ್ನು ಅಷ್ಟಾಗಿ ಕಾಡಲ್ಲ. ಸಾವು ಬಂದಾಗ ಧರ್ಮ ಒಂದು ಕೆಲಸ ಮಾಡುತ್ತೆ: ಇಂಥ ದಿನ ಅಳು, ಇಂಥ ದಿನ ಸ್ನಾನ ಮಾಡು, ಇಂಥ ದಿನ ನೆಂಟರ ಜೊತೆ ಕೂತು ಊಟ ಮಾಡು ಅಂತ ಹೇಳುತ್ತೆ. ಬಿಟ್ಟು ಬಂದವರಿಗೆ ಆ ದಿನಗಳೂ ಇಲ್ಲ, ಜೊತೆಗೆ ಕೂರುವ ಜನರೂ ಇಲ್ಲ.

ಗುಡಿ ಇಲ್ಲದ ಭಕ್ತಿ ನಮಗೇನು ಹೊಸದಾ? 12ನೇ ಶತಮಾನದ ಶರಣರ ಹೆಸರನ್ನು ಮುರಳಿಯೇ ಎತ್ತಿದರು. ಹೌದು, ಆದರೆ ಆ ಶರಣರು ಒಬ್ಬೊಬ್ಬರೇ ಕತ್ತಲಲ್ಲಿ ಕೂರಲಿಲ್ಲ ಅಂದೆ. ಒಟ್ಟಿಗೆ ಕೂತು ಮಾತಾಡಿದರು, ಒಟ್ಟಿಗೆ ಉಂಡರು, ದಾಸೋಹ ನಡೆಸಿದರು. ಪುರೋಹಿತರು ಬೇಡ ಅಂದ ಕುವೆಂಪು ಕೂಡ ಮದುವೆಯನ್ನು ಖಾಲಿ ಬಿಡಲಿಲ್ಲ. ಏನು ಹೇಳಬೇಕು, ಹೇಗೆ ನಡೆಸಬೇಕು ಅಂತ ಮಂತ್ರಮಾಂಗಲ್ಯ ರೂಪಿಸಿದರು, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೇ ಮಾಡಿದರು. ನೀವು ಅಪ್ಪನಿಗೆ ಏನು ಮಾಡಿಟ್ಟುಕೊಂಡಿದ್ದೀರಿ ಅಂತ ಕೇಳಿದೆ. ಉತ್ತರ ಇರಲಿಲ್ಲ.

ಸಲಹೆಗೆ ಬರೋಣ. ಮೊದಲು ನಿದ್ದೆ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ, ಇಲ್ಲ ಅಂದರು. ಆದರೂ ಒಮ್ಮೆ ಮನೋವೈದ್ಯರಿಗೆ ತೋರಿಸಿಕೊಂಡು ಬನ್ನಿ ಅಂದೆ. ಔಷಧಿ ಬೇಕಾಗಲಿಲ್ಲ. ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಹೋಗ್ತೀನಿ ಅಂತ ಹೆಸರು ಕೊಡಲು ಹೊರಟಿದ್ದರು. ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಹತ್ತು ದಿನ ಮೌನ, ಓದಿಲ್ಲ, ಫೋನಿಲ್ಲ, ನಾಲ್ಕಕ್ಕೆ ಎದ್ದು ದಿನಕ್ಕೆ ಹತ್ತು ಗಂಟೆ ಹೊತ್ತು ಕೂರಬೇಕು. ದುಃಖ ಹಸಿಯಾಗಿರುವಾಗ ಬೇಡ, ಮುಂದಿನ ವರ್ಷ ನೋಡಿ ಅಂದೆ. ಬೆಳಗ್ಗೆ ಕೂರೋದನ್ನು ಹತ್ತು ನಿಮಿಷಕ್ಕೆ ಇಳಿಸಿ. ಬಂಡೆಗೆ ಒಬ್ಬರೇ ಹೋಗಬೇಡಿ, ಹೆಂಡತಿಯನ್ನು ಕರ್ಕೊಂಡು ಹೋಗಿ, ಕಣ್ಣು ಮುಚ್ಚಬೇಡಿ, ಅಪ್ಪನ ಬಗ್ಗೆ ಮಾತಾಡಿ.

ಅಪ್ಪನ ವರ್ಷದ ತಿಥಿಗೆ ಆರು ವಾರ ಇತ್ತು. ದೊಡ್ಡ ತಲೆನೋವು ಅದೇ. ಅಮ್ಮನಿಗೋಸ್ಕರ ಕೂತುಬಿಡ್ಲಾ ಅಂತ ಕೇಳಿದರು. ಕೂತರೆ ಬೂಟಾಟಿಕೆ ಅಂತ ನಾನು ಅಂದುಕೊಳ್ಳಲ್ಲ, ಎಷ್ಟೋ ಜನ ಅಮ್ಮಂದಿರಿಗೋಸ್ಕರವೇ ಕೂರುತ್ತಾರೆ, ತಪ್ಪೇನಿಲ್ಲ. ಆದರೆ ಆ ನದಿ ದಂಡೆ ನೆನೆದರೆ ಇವರಿಗೆ ಕೈ ನಡುಗುತ್ತಿತ್ತು. ಹಾಗಿದ್ದರೆ ಈಗಲೇ ಹೇಳಿ, ಆ ದಿನ ಬೆಳಗ್ಗೆ ಹೇಳಬೇಡಿ ಅಂದೆ. ಇನ್ನೊಂದು, ಏನು ನಂಬಲ್ಲ ಅನ್ನೋದನ್ನು ಅಮ್ಮನಿಗೆ ಹೇಳಬೇಡಿ, ಏನು ಮಾಡ್ತೀನಿ ಅನ್ನೋದನ್ನು ಹೇಳಿ. ಜನಗಣತಿ, ಹೈಕೋರ್ಟ್ ಎಲ್ಲ ಮನೆಯಲ್ಲೇ ಬಿಟ್ಟು ಹೋಗಿ.

ಹೋದರು. "ಅಮ್ಮ, ತಮ್ಮ ಕೂರಲಿ. ಅಡುಗೆಯವರು, ಸಾಮಾನು, ಬಡಿಸೋದು ಎಲ್ಲ ನಂದು. ಇಡೀ ದಿನ ನಿನ್ನ ಪಕ್ಕದಲ್ಲೇ ಇರ್ತೀನಿ" ಅಂದರಂತೆ. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಫೋನ್ ಮಾಡಿ "ಎಷ್ಟು ಎಲೆ ಹಾಕ್ಬೇಕಾಗುತ್ತೋ?" ಅಂತ ಕೇಳಿದರು. ಚಿಕ್ಕಪ್ಪ ಬಂದರು, ಉಂಡರು, ಇವರ ಜೊತೆ ಮಾತಾಡದೆ ಹೋದರು. ಅದು ಹಾಗೇ ಇದೆ.

ಕೊನೆಯ ಭೇಟಿಗೆ ಬಂದಾಗ ಐದೂವರೆಗೆ ಏಳುತ್ತಿದ್ದರು. ನಾನು ಹೇಳದೇ ಒಂದು ಕೆಲಸ ಶುರು ಮಾಡಿದ್ದರು. ದಿನಾ ಊಟಕ್ಕೆ ಮುಂಚೆ, ಮಗಳ ಕೈಯಲ್ಲಿ ಒಂದು ಹಿಡಿ ಅನ್ನ ಬಾಲ್ಕನಿಯ ಕಟ್ಟೆ ಮೇಲೆ ಇಡಿಸುತ್ತಾರೆ. ಇಟ್ಟಾಗ ತಾತನ ಒಂದು ವಿಷಯ ಹೇಳಬೇಕು ಅಂತ ಮಗಳದ್ದೇ ನಿಯಮ. ಕಾಗೆ ಬರುತ್ತಾ ಅಂದೆ. "ಎಲ್ಲಿ ಮೇಡಂ, ಬರೀ ಪಾರಿವಾಳ. ಅನ್ನ ಕೆಳಗಿನ ಮನೆಯವರ ಕಾರಿನ ಮೇಲೆ ಬೀಳುತ್ತಂತೆ. ಅಸೋಸಿಯೇಷನ್‌ನವರು ನೋಟಿಸ್ ಕೊಟ್ಟಿದ್ದಾರೆ" ಅಂದರು. ಈಗ ಆ ಜಗಳ ನಡೀತಿದೆ.