ನಸುಕಿನ ನಾಲ್ಕೂವರೆಗೆ ಎವರ್ಟನ್

ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಮೂರು ತಿಂಗಳಾಗಿದೆ. ಆಫೀಸು ಬಿಟ್ಟರೆ ರೂಮು, ರೂಮು ಬಿಟ್ಟರೆ ಇಂಡಿಯನ್ ಅಂಗಡಿ. ಬೆಂಗಳೂರಿನಲ್ಲಿ ಶನಿವಾರ ಸಂಜೆ ಗೆಳೆಯರ ಜೊತೆ ಕೂತು ನೋಡುತ್ತಿದ್ದ, ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ಫುಟ್‌ಬಾಲ್ ಕ್ಲಬ್ಬು ಎವರ್ಟನ್‌ನ ಪಂದ್ಯವನ್ನು ಇಲ್ಲಿ ನಸುಕಿನಲ್ಲಿ ಒಬ್ಬರೇ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೀರಿ. ಇಲ್ಲೊಂದು ಸಪೋರ್ಟರ್ಸ್ ಗ್ರೂಪ್ ಇದೆಯಂತೆ, ಪಬ್ಬಿನಲ್ಲಿ ಸೇರಿ ಪಂದ್ಯ ನೋಡುತ್ತಾರಂತೆ, ಹೋದರೆ ಸೇರಿಸಿಕೊಳ್ಳುತ್ತಾರಾ, ಲಿವರ್‌ಪೂಲ್ ಊರನ್ನೇ ನೋಡದವನು ಅಲ್ಲಿ ಹೋಗಿ ಏನು ಮಾಡಲಿ ಅಂತ ಕೇಳಿದ್ದೀರಿ. ಸರ್ ಅಂತ ನಾಲ್ಕು ಸಲ ಬರೆದಿದ್ದೀರಿ, ಅದನ್ನು ಮೊದಲು ಬಿಡಿ.

ಹೋಗಿ. ಸೇರಿಸಿಕೊಳ್ಳುತ್ತಾರೆ. ಫಾರ್ಮು, ಇಂಟರ್‌ವ್ಯೂ ಏನೂ ಇಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಕೂರುವುದು, ಅಷ್ಟೇ.

ನಾನು ಮೈಸೂರಿನವನು. ನಿಮ್ಮ ಹಾಗೆ ಆಸ್ಟಿನ್ ಟೌನ್ ಹುಡುಗನಲ್ಲ. ನಿಮ್ಮ ಕಡೆ ಗಲ್ಲಿ ಗಲ್ಲಿಯಲ್ಲಿ ಫುಟ್‌ಬಾಲ್ ಇತ್ತು, ಪಕ್ಕದ ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ. ನಮಗೆ ಫುಟ್‌ಬಾಲ್ ಅಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ವಿಶ್ವಕಪ್. 2009ರ ಕೊನೆಯಲ್ಲಿ ಇಲ್ಲಿಗೆ ಬಂದೆ. ಪಕ್ಕದ ಕ್ಯೂಬಿಕಲ್‌ನಲ್ಲಿ ಸ್ಯಾನ್ ಹೋಸೆಯಲ್ಲೇ ಹುಟ್ಟಿ ಬೆಳೆದ ಒಬ್ಬ ಕೂರುತ್ತಿದ್ದ. ಅವನಿಗೆ ಅಮೆರಿಕದ ಫುಟ್‌ಬಾಲ್ ಆಟಗಾರ ಲ್ಯಾಂಡನ್ ಡೊನೊವನ್ ಮೇಲೆ ವಿಪರೀತ ಸಿಟ್ಟು. ಈ ಊರಿನ ಅರ್ತ್‌ಕ್ವೇಕ್ಸ್ ತಂಡಕ್ಕೆ ಎರಡು ಕಪ್ ಗೆದ್ದುಕೊಟ್ಟವನು ಆಮೇಲೆ ಲಾಸ್ ಏಂಜಲೀಸ್ ಸೇರಿಕೊಂಡ ಅಂತ. ಆ ಡೊನೊವನ್ 2010ರ ಜನವರಿಯಲ್ಲಿ ಕೆಲವು ವಾರಗಳಿಗೆ ಎವರ್ಟನ್‌ಗೆ ಆಡಲು ಹೋದ. ಇವನು ಬೈಯುತ್ತಲೇ ನಸುಕಿನಲ್ಲಿ ಎದ್ದು ಪ್ರತಿ ಪಂದ್ಯ ನೋಡುತ್ತಿದ್ದ. ಫೆಬ್ರವರಿಯಲ್ಲಿ ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಹೋದ. ಅವತ್ತು ಮ್ಯಾಂಚೆಸ್ಟರ್ ಯುನೈಟೆಡ್ ಮೊದಲು ಗೋಲು ಹೊಡೆಯಿತು, ಎವರ್ಟನ್ 3-1ರಲ್ಲಿ ಗೆದ್ದಿತು. ಓಹೋ, ಇದು ಗೆಲ್ಲುವ ಟೀಮು ಅಂದುಕೊಂಡೆ. ಮೋಸ ಹೋದದ್ದು ಅಲ್ಲೇ.

ನಿಮಗೆ ಗೊತ್ತಿರುವುದೇ. ಕೊನೆಯ ಲೀಗ್ ಪ್ರಶಸ್ತಿ 1987ರಲ್ಲಿ, ಕೊನೆಯ ಕಪ್ 1995ರಲ್ಲಿ. ನಾನು ನೋಡಲು ಶುರು ಮಾಡಿದ ಮೇಲೆ ಮನೆಗೆ ಒಂದು ಚಮಚವೂ ಬಂದಿಲ್ಲ. 'ಬಂಗಾರದಂಥ ನಿದ್ದೆ ಬಿಟ್ಟು ಸೋಲೋದು ನೋಡೋಕೆ ಹೋಗ್ತೀರಾ' ಅಂತ ನನ್ನ ಹೆಂಡತಿ ಹದಿನೈದು ವರ್ಷದಿಂದ ಕೇಳುತ್ತಿದ್ದಾಳೆ. ಉತ್ತರ ಇನ್ನೂ ಸಿಕ್ಕಿಲ್ಲ. ಥರ್ಮಾಸ್‌ಗೆ ಕಾಫಿ ಹಾಕಿಕೊಡುವವಳೂ ಅವಳೇ.

ಈ ಊರಿನಲ್ಲಿ ಇಬ್ಬರು ಕನ್ನಡಿಗರು ಒಂದು ಊಟಕ್ಕೆ ಸೇರಬೇಕಾದರೂ ಒಬ್ಬರ ಮಗುವಿನ ಈಜು ಕ್ಲಾಸು, ಇನ್ನೊಬ್ಬರ ಆನ್‌ಕಾಲ್, ಮತ್ತೊಬ್ಬರ ಅತ್ತೆ ಮಾವ ಬರುವ ದಿನ ಎಲ್ಲ ನೋಡಿಕೊಂಡು ಏಳು ವಾರ ಆಚೆಗೆ ದಿನ ಗೊತ್ತು ಮಾಡುತ್ತೇವೆ. ಆ ದಿನ ಬಂದಾಗ ಯಾರಿಗೋ ಜ್ವರ. 'ಬನ್ನಿ ಒಂದಿನ ಮನೆಗೆ' ಅನ್ನುವುದು ನಮ್ಮ ಊರಿನಲ್ಲಿ ಕರೆ, ಇಲ್ಲಿ ಬರೀ ಮರ್ಯಾದೆಯ ಮಾತು. ಪಬ್ಬಿನಲ್ಲಿ ಈ ರಗಳೆ ಇಲ್ಲ. 38 ಪಂದ್ಯದ ಪಟ್ಟಿಯನ್ನು ಇಂಗ್ಲೆಂಡಿನವರು ಮಾಡಿಟ್ಟಿರುತ್ತಾರೆ. ಯಾರೂ ಯಾರನ್ನೂ ಕರೆಯಬೇಕಿಲ್ಲ, ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಎರಡು ವಾರ ಹೋದರೆ ಮುಖ ಗುರುತು ಹಿಡಿಯುತ್ತಾರೆ. ಐದನೇ ವಾರಕ್ಕೆ ನಿಮ್ಮ ಸ್ಟೂಲ್ ಅಂತ ಒಂದಾಗುತ್ತದೆ. ಎಂಟನೇ ವಾರ ಹೋಗದಿದ್ದರೆ 'ಎಲ್ಲಿದ್ದೀಯ' ಅಂತ ಮೆಸೇಜು ಬರುತ್ತದೆ.

ಇದರ ಬೆಲೆ ನನಗೆ ಗೊತ್ತಾದದ್ದು 2023ರಲ್ಲಿ. ಮಾರ್ಚ್ ಕೊನೆಯಲ್ಲಿ ನನ್ನ ಕೆಲಸ ಹೋಯಿತು. ಎಚ್-1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾದಲ್ಲಿ ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲ ಗಂಟು ಮೂಟೆ ಕಟ್ಟಬೇಕು. ನಮ್ಮವರಿಗೆ ಹೇಳಲು ನಾಚಿಕೆ, ಊರಿಗೆ ಫೋನ್ ಮಾಡಿದರೆ ಅಮ್ಮನಿಗೆ ಬಿಪಿ. ಅದೇ ಹೊತ್ತಿನಲ್ಲಿ ಎವರ್ಟನ್ ಕೂಡ ಕೆಳಗಿನ ಡಿವಿಷನ್ನಿಗೆ ಬೀಳುವ (ರೆಲಿಗೇಶನ್ ಅನ್ನುತ್ತಾರೆ) ಅಂಚಿನಲ್ಲಿತ್ತು, 1954ರಿಂದ ಒಮ್ಮೆಯೂ ಬೀಳದ ಕ್ಲಬ್ಬು. ನಮ್ಮ ಗುಂಪಿನಲ್ಲಿ ಲಿವರ್‌ಪೂಲ್‌ನಲ್ಲೇ ಹುಟ್ಟಿದ ಒಬ್ಬ ಮುದುಕ ಇದ್ದಾನೆ, ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತನಾದವನು. ಅವನಿಗೆ ವೀಸಾ ವಿಷಯ ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದರೆ ನೀನೂ ರೆಲಿಗೇಶನ್ ಜಾಗದಲ್ಲಿದ್ದೀಯ' ಅಂದ. ಅವತ್ತಿನಿಂದ ಪ್ರತಿ ವಾರ ಎರಡು ಲೆಕ್ಕ. ಎವರ್ಟನ್‌ಗೆ ಇನ್ನೆಷ್ಟು ಪಂದ್ಯ, ನನಗೆ ಇನ್ನೆಷ್ಟು ದಿನ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಒಬ್ಬಾಕೆ ನನ್ನ ರೆಸ್ಯೂಮೆ ತೆಗೆದುಕೊಂಡು ತನ್ನ ಆಫೀಸಿನಲ್ಲಿ ಕೊಟ್ಟಳು. ಕೆಲಸ ಸಿಕ್ಕಿದ್ದು ಅಲ್ಲಲ್ಲ, ಬೇರೆ ಕಡೆ. ಆದರೂ ಆಕೆ ಕೊಟ್ಟಳು. ಹೊಸ ಕಂಪನಿ ನನ್ನ ಅರ್ಜಿ ಹಾಕಿದ್ದು ಮೇ ಮೂರನೇ ವಾರ. ಮೇ 28ರಂದು ಕೊನೆಯ ಪಂದ್ಯ, ಬೋರ್ನ್‌ಮತ್ ಎದುರು. ಡುಕೂರೆ ದೂರದಿಂದ ಒದ್ದ ಒಂದೇ ಗೋಲಿನಲ್ಲಿ ಎವರ್ಟನ್ ಉಳಿಯಿತು. ಮುದುಕ ನನ್ನ ಭುಜ ಹಿಡಿದು ಎಷ್ಟು ಅಲುಗಾಡಿಸಿದ ಅಂದರೆ ಕನ್ನಡಕ ಕೆಳಗೆ ಬಿತ್ತು. 'ಇಬ್ಬರೂ ಉಳಿದಿರಿ' ಅಂತ ಕೂಗುತ್ತಿದ್ದ.

ಗೆಲ್ಲುವ ಕ್ಲಬ್ಬಿನ ಗುಂಪಿನಲ್ಲಿ ಹೀಗಾಗುವುದಿಲ್ಲವಾ ಅಂದರೆ ಆಗಬಹುದು. ಆದರೆ ಅಲ್ಲಿ ಜನ ಜಾಸ್ತಿ, ಗಲಾಟೆ ಜಾಸ್ತಿ. ನಾವು ಒಳ್ಳೆಯ ದಿನ ಮೂವತ್ತು ಜನ. ಮಳೆ ಬಂದರೆ ಹನ್ನೊಂದು.

ಇನ್ನು 'ನಾನು ನಿಜವಾದ ಅಭಿಮಾನಿಯಾ' ಅನ್ನುವ ನಿಮ್ಮ ಅಳುಕು. ನನಗೂ ಇತ್ತು. ಒಮ್ಮೆ ಒಬ್ಬ ಪ್ರವಾಸಿ, ಲಿವರ್‌ಪೂಲ್ ಕಡೆಯವನೇ, ಕುಡಿದು ಬಂದು 'ನಿನಗ್ಯಾಕಪ್ಪ ಎವರ್ಟನ್' ಅಂತ ನನ್ನನ್ನೇ ಹಿಡಿದುಕೊಂಡ. ಉತ್ತರಕ್ಕೆ ತಡಕಾಡಿದೆ. ಈಗಾದರೆ ತಡಕಾಡುವುದಿಲ್ಲ. ನಾನು ಅವರಲ್ಲಿ ಒಬ್ಬ ಅಂತ ಹೇಳಿಕೊಳ್ಳುವುದೇ ಇಲ್ಲ. ಎವರ್ಟನ್‌ನ ಹಳೆಯ ಮೈದಾನ ಗುಡಿಸನ್ ಪಾರ್ಕ್‌ನ ಅಂಚಿನ ಮಣ್ಣಿನಲ್ಲಿ ನೂರಾರು ಅಭಿಮಾನಿಗಳ ಚಿತಾಭಸ್ಮ ಹೂತಿದ್ದಾರೆ. ಮೂರು ತಲೆಮಾರು ಒಂದೇ ಸಾಲಿನಲ್ಲಿ ಕೂತ ಮನೆತನಗಳಿವೆ. ಅವರದು ಅವರದು. ನನ್ನದು ನಸುಕಿನ ಪಬ್ಬು. ಲಿವರ್‌ಪೂಲ್ ಊರಿನ ಉಚ್ಚಾರ ಅನುಕರಿಸಲು ಮಾತ್ರ ಹೋಗಬೇಡಿ. ಇಲ್ಲಿ ಹುಟ್ಟಿದ ಕೆಲವರು ಹಾಗೆ ಮಾಡುತ್ತಾರೆ, ನಮ್ಮ ಮುದುಕ ಮೇಲೆ ನೋಡುತ್ತಾ ಕೂರುತ್ತಾನೆ. ಅವನ ಇಂಗ್ಲಿಷ್ ನನಗೆ ಇವತ್ತಿಗೂ ಅರ್ಧ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.

ಒಂದು ತಮಾಷೆ ನೋಡಿ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟಿವಿಯಲ್ಲಿ ಫುಟ್‌ಬಾಲ್ ನೇರಪ್ರಸಾರ ಇಲ್ಲ. ಜನ ಮನೆಯಲ್ಲೇ ಕೂತರೆ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿಯಾಗುತ್ತದೆ ಅಂತ 1960ರ ದಶಕದಿಂದ ಬಂದ ಕಟ್ಟುಪಾಡು. ಹಾಗಾಗಿ 3 ಗಂಟೆಯ ಪಂದ್ಯ ನಮಗೆ ಬೆಳಿಗ್ಗೆ 7ಕ್ಕೆ ಪೂರ್ತಿ ಸಿಗುತ್ತದೆ, ಮುದುಕನ ತಮ್ಮನಿಗೆ ಲಿವರ್‌ಪೂಲ್‌ನಲ್ಲಿ ಸಿಗುವುದಿಲ್ಲ. ಅವನು ರೇಡಿಯೋ ಹಾಕಿಕೊಂಡು, 'ಅದು ಪೆನಾಲ್ಟಿ ಹೌದೋ ಅಲ್ಲವೋ' ಅಂತ ಕ್ಯಾಲಿಫೋರ್ನಿಯಾಗೆ ಫೋನ್ ಮಾಡುತ್ತಾನೆ. ಒಂದು ಸಲ ಫೋನ್ ನನ್ನ ಕೈಗೆ ಕೊಟ್ಟರು. ಮೈಸೂರಿನವನು ಲಿವರ್‌ಪೂಲ್‌ನವನಿಗೆ ಎವರ್ಟನ್ ಪೆನಾಲ್ಟಿ ವರದಿ ಮಾಡಿದ್ದಾಯಿತು. ಪೆನಾಲ್ಟಿ ಅಲ್ಲ ಅಂದೆ. ಬೈದ.

ವಾರದ ನಡುವಿನ ಪಂದ್ಯಗಳು ಇನ್ನೂ ಕಷ್ಟ. ಅಲ್ಲಿ ರಾತ್ರಿ ಅಂದರೆ ಇಲ್ಲಿ ಊಟದ ಹೊತ್ತು, ಆಫೀಸು. ಗುಡಿಸನ್‌ನಲ್ಲಿ ನಡೆದ ಕೊನೆಯ ಡರ್ಬಿ, ಅಂದರೆ ಅದೇ ಊರಿನ ಲಿವರ್‌ಪೂಲ್ ಕ್ಲಬ್ಬಿನ ಎದುರಿನ ಪಂದ್ಯ, 2025ರ ಫೆಬ್ರವರಿ 12, ಬುಧವಾರ, ನಮಗೆ ಹನ್ನೊಂದೂವರೆಗೆ. ಲಿವರ್‌ಪೂಲ್ 2-1 ಮುಂದಿತ್ತು. ಒಂದೂಕಾಲಿಗೆ ನನಗೆ ಮೀಟಿಂಗು. ಕ್ಯಾಮೆರಾ ಆಫ್, ಮ್ಯೂಟ್ ಆನ್, ಫೋನು ಕೀಬೋರ್ಡಿಗೆ ಒರಗಿಸಿದ್ದೆ. 98ನೇ ನಿಮಿಷದಲ್ಲಿ ನಮ್ಮ ಟಾರ್ಕೌಸ್ಕಿ ಗಾಳಿಯಲ್ಲೇ ಒದ್ದ ಚೆಂಡು ನೆಟ್ಟಿನ ಮೇಲ್ತುದಿಗೆ ಹೋಯಿತು. ಮ್ಯೂಟ್ ಆನ್ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. 'ಆರ್ ಯು ಓಕೆ' ಅಂತ ಮ್ಯಾನೇಜರ್ ಕೇಳಿದರು. ಬಿಸಿ ಕಾಫಿ ಚೆಲ್ಲಿಕೊಂಡೆ ಅಂದೆ.

ಅದೇ ವರ್ಷ ಮೇ 18ಕ್ಕೆ ಗುಡಿಸನ್‌ನಲ್ಲಿ ಗಂಡಸರ ತಂಡದ ಕೊನೆಯ ಪಂದ್ಯ. 1892ರಿಂದ ಇದ್ದ ಮನೆ. ಅದಕ್ಕೂ ಮೊದಲು ಎವರ್ಟನ್ ಆಡುತ್ತಿದ್ದದ್ದು ಆನ್‌ಫೀಲ್ಡ್‌ನಲ್ಲಿ, ಗೊತ್ತಲ್ಲ? ಜಾಗದವನ ಜೊತೆ ಬಾಡಿಗೆ ಜಗಳವಾಗಿ ಪಾರ್ಕಿನ ಆಚೆ ಕಡೆಗೆ ಬಂದರು. ಜಾಗದವನು ಖಾಲಿ ಮೈದಾನ ಇಟ್ಟುಕೊಂಡು ಏನು ಮಾಡಲಿ ಅಂತ ಲಿವರ್‌ಪೂಲ್ ಕ್ಲಬ್ ಕಟ್ಟಿದ. ಬೇ ಏರಿಯಾದಲ್ಲಿ ಮನೆ ಬಾಡಿಗೆ ಕೊಡುವವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಆ ಕೊನೆಯ ಪಂದ್ಯ ಅಲ್ಲಿ ಮಧ್ಯಾಹ್ನ 12ಕ್ಕೆ ಶುರು, ಇಲ್ಲಿ ನಸುಕಿನ 4. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಬಾರಿನಲ್ಲಿ ಮದ್ಯ ಮಾರುವಂತಿಲ್ಲ. ಎಲ್ಲರ ಮುಂದೆಯೂ ಕಾಫಿ. ನಾನು ಒಂದು ಡಬ್ಬಿ ಕೋಡುಬಳೆ ಒಯ್ದಿದ್ದೆ, ಸೌತಾಂಪ್ಟನ್ ಎದುರು ನಮ್ಮ ಎಂಡಿಯಾಯೆ ಎರಡು ಗೋಲು ಹೊಡೆಯುವಷ್ಟರಲ್ಲಿ ಖಾಲಿ. ಪಂದ್ಯ ಮುಗಿದಾಗ ಆರಕ್ಕೆ ಇನ್ನೂ ಸ್ವಲ್ಪ ಇತ್ತು. ಗಡಿಯಾರ ನೋಡುತ್ತಾ ಎಲ್ಲರೂ ಸುಮ್ನೆ ಕೂತಿದ್ದೆವು. ಆರು ಆಯಿತು, ಬಾರಿನವಳು ಮೊದಲ ಗ್ಲಾಸು ಬಗ್ಗಿಸಿದಳು. ಮುದುಕ ಮುಟ್ಟಲಿಲ್ಲ. ಕೊನೆಯ ಕೋಡುಬಳೆಯ ಚೂರನ್ನು ಬೆರಳಿನಲ್ಲಿ ತಿರುಗಿಸುತ್ತಾ ಟಿವಿ ನೋಡುತ್ತಿದ್ದ. ಈಗ ಗುಡಿಸನ್‌ನಲ್ಲಿ ಎವರ್ಟನ್ ಹೆಂಗಸರ ತಂಡ ಆಡುತ್ತದೆ. ಗಂಡಸರು ನದಿ ದಡದ ಹೊಸ ಸ್ಟೇಡಿಯಮ್ಮಿಗೆ ಹೋದರು. ಮಾಲೀಕರೂ ಈಗ ಅಮೆರಿಕದವರೇ.

ನಾನು ಗುಡಿಸನ್ ಒಂದೇ ಸಲ ನೋಡಿದ್ದು. 2019ರ ಯುಗಾದಿಗೆ ಊರಿಗೆ ಹೋಗಿದ್ದೆ, ವಾಪಸ್ ಬರುವಾಗ ಲಂಡನ್ ಮೇಲೆ ಬಂದೆ. ಯೂಸ್ಟನ್‌ನಿಂದ ರೈಲು, ಎರಡು ಗಂಟೆ ಚಿಲ್ಲರೆ. ಹೆಸರಿನಲ್ಲೇ ಗುಡಿ ಇದೆ, ಮೈದಾನದ ಮೂಲೆಗೆ ಅಂಟಿಕೊಂಡು ನಿಜಕ್ಕೂ ಒಂದು ಚರ್ಚಿದೆ. ಮರದ ಸೀಟು, ಎದುರಿಗೆ ಕಂಬ. ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಎವರ್ಟನ್ 4-0ರಲ್ಲಿ ಗೆದ್ದಿತು. ನಾಲ್ಕನೆಯದು ನನಗೆ ಕಂಬದ ಹಿಂದೆ ಆಯಿತು. ಪಕ್ಕದ ಹೆಂಗಸು ಎಲ್ಲಿಂದ ಬಂದೆ ಅಂತ ಕೇಳಿ, 'ಇದನ್ನು ನೋಡೋಕಾ?' ಅಂತ ನಕ್ಕು ಅರ್ಧ ಚೀಸ್ ಈರುಳ್ಳಿ ಪೈ ಕೊಟ್ಟಳು.

ನೀವೂ ಹೋಗುವ ಯೋಚನೆಯಲ್ಲಿದ್ದರೆ ಹೇಳಿಬಿಡುತ್ತೇನೆ. ಕ್ಲಬ್ ಸದಸ್ಯತ್ವ ತೆಗೆದುಕೊಂಡರೆ ಟಿಕೆಟ್ ಕೈಗೆ ಬಂತು ಅಂತಲ್ಲ, ಕ್ಯೂನಲ್ಲಿ ನಿಲ್ಲಲು ಹಕ್ಕು ಬಂತು ಅಷ್ಟೇ. ಮೊದಲು ಗ್ರೂಪಿನಲ್ಲಿ ಕೇಳಿ, ನನಗೆ ಸಿಕ್ಕಿದ್ದೂ ಹಾಗೇ. ಬ್ಲ್ಯಾಕಿನಲ್ಲಿ ಕೊಳ್ಳಬೇಡಿ, ಅಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮಾರುವುದೇ ಅಪರಾಧ, ಗೇಟಿನಲ್ಲಿ ನೀವು ಹೊರಗೆ ನಿಲ್ಲುತ್ತೀರಿ. ನಮ್ಮ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ಬೇರೆ ಬೇಕು, ಇಲ್ಲಿಯ ಎಚ್-1ಬಿ ಅಲ್ಲಿ ನಡೆಯುವುದಿಲ್ಲ. ಪಾಸ್‌ಪೋರ್ಟಿನಲ್ಲಿರುವ ನಿಮ್ಮ ಅಮೆರಿಕದ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರಂತೂ ಪಂದ್ಯಕ್ಕಂತ ಹೊರಗೆ ಹೋಗಲೇಬೇಡಿ. ವಾಪಸ್ ಬರಲು ಊರಿಗೇ ಹೋಗಿ ಸ್ಟ್ಯಾಂಪ್ ಹಾಕಿಸಬೇಕಾದೀತು. ಅದಕ್ಕೇ ಊರಿನ ಪ್ರಯಾಣದ ಜೊತೆ ಸೇರಿಸಿ ಅನ್ನುವುದು.

ಇನ್ನೊಂದು, ಅಣ್ಣನ ಮಾತು ಅಂದುಕೊಳ್ಳಿ. ಆರು ಗಂಟೆಗೆ ಗ್ಲಾಸು ಎತ್ತಿದ ದಿನ ಕಾರಿನ ಕೀ ಮುಟ್ಟಬೇಡಿ. ಬೆಳಗಾಗಿದೆ, ತಲೆ ನೆಟ್ಟಗಿದೆ ಅನ್ನಿಸುತ್ತದೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಇಲ್ಲಿಯವರಿಗೆ ದಂಡ, ಕೋರ್ಟು. ನಮಗೆ ವೀಸಾನೇ ರದ್ದಾಗಬಹುದು. ನಾನು ಕಾಫಿಗೇ ನಿಂತಿದ್ದೇನೆ, ಹತ್ತಕ್ಕೆ ಮಗಳನ್ನು ಕನ್ನಡ ಕ್ಲಾಸಿಗೆ ಬಿಡಬೇಕು.

ಮೊದಲ ದಿನಕ್ಕೆ ಜೆರ್ಸಿ ಕೊಳ್ಳಬೇಕಾಗಿಲ್ಲ. ನೀಲಿ ಬಣ್ಣದ ಏನಾದರೂ ಸಾಕು. ಕೆಂಪು ಮಾತ್ರ ಬೇಡ, ಅದು ಲಿವರ್‌ಪೂಲ್ ಕ್ಲಬ್ಬಿನ ಬಣ್ಣ. ನಾನೊಮ್ಮೆ ಕೆಂಪು ಸ್ವೆಟರ್ ಹಾಕಿಕೊಂಡು ಹೋಗಿ ಎರಡು ಗಂಟೆ ಚಳಿಯಲ್ಲಿ ಅದನ್ನು ಕಾರಿನಲ್ಲೇ ಬಿಟ್ಟು ಕೂತಿದ್ದೆ.

ಈ ಶನಿವಾರವೇ ಬನ್ನಿ. ಅಲ್ಲಿ 12:30ರ ಪಂದ್ಯ. ಎಂಟು ಗಂಟೆ ಕಳೆದು ನಾಲ್ಕೂವರೆ ಅಂತ ಲೆಕ್ಕ ಹಾಕಬೇಡಿ. ಮಾರ್ಚ್‌ನಲ್ಲಿ ನಾವು ಗಡಿಯಾರ ಮುಂದೆ ತಿರುಗಿಸಿಬಿಟ್ಟೆವು, ಅವರು ತಿರುಗಿಸುವುದು ತಿಂಗಳ ಕೊನೆಯ ಭಾನುವಾರ. ಅಲ್ಲಿಯವರೆಗೆ ಅಂತರ ಏಳೇ ಗಂಟೆ. ನಾನು ಒಂದು ವರ್ಷ ನಾಲ್ಕೂವರೆಗೇ ಹೋಗಿ, ಬಾಗಿಲು ಹಾಕಿದ ಪಬ್ಬಿನ ಮುಂದೆ ಒಂದು ಗಂಟೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದೆ. ನೀವು ಐದೂಕಾಲಿಗೆ ಬನ್ನಿ. ಕಿಟಕಿ ಪಕ್ಕದ ಎರಡನೇ ಸ್ಟೂಲ್ ನನ್ನದು, ಮೂರನೆಯದು ಸದ್ಯಕ್ಕೆ ಖಾಲಿ ಇದೆ.