ಬಾವಿಗೆ ಕಡಲ ನೀರು ಸೇರಿದೆಯೇ ಎಂಬುದನ್ನು ಲೆಕ್ಕದಿಂದ ಹೇಳಬಹುದೇ?

ಉಳ್ಳಾಲದ ತವರಿನ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತಿದೆ, ಮಂಡ್ಯದ ಮನೆಯ ಕೊಳವೆ ಬಾವಿಯ ನೀರೂ ಉಪ್ಪು, ಎರಡಕ್ಕೂ ಕಾರಣ ಒಂದೆಯೇ ಎಂದು ಕೇಳಿದ್ದೀರಿ. ಅಲ್ಲ. ಅದನ್ನು ಲೆಕ್ಕ ಹಾಕಿಯೇ ತೋರಿಸಬಹುದು.

ನಾನು ಮಂಡ್ಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ನಮ್ಮೂರು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಕಡಲು ಇಲ್ಲಿಗೆ ಏರಿ ಬರುವ ಮಾತೇ ಇಲ್ಲ. ನಾಲೆಯ ನೀರು ಬಸಿದು ಹೋಗದೆ ನಿಂತ ಕಡೆ ನೆಲ ಚೌಳಾಗುತ್ತದೆ. ಗೊಬ್ಬರ, ಚರಂಡಿಗಳ ಪಾಲೂ ಇದೆ. ನಮ್ಮ ಮನೆಯ ಕೊಳವೆ ಬಾವಿಯ ವರದಿಯಲ್ಲಿ ಲೀಟರಿಗೆ ಸೋಡಿಯಂ 240, ಕ್ಲೋರೈಡ್ 280 ಮಿಲಿಗ್ರಾಂ ಇತ್ತು. ಸೋಡಿಯಮ್ಮನ್ನು 23ರಿಂದಲೂ ಕ್ಲೋರೈಡನ್ನು 35.5ರಿಂದಲೂ (ಅವುಗಳ ಪರಮಾಣು ತೂಕದಿಂದ) ಭಾಗಿಸಿ ಅನುಪಾತ ತೆಗೆದರೆ 1.3 ಬಂತು. ಕಡಲ ನೀರಿನಲ್ಲಿ ಅದು 0.86ರ ಆಸುಪಾಸು. ಕಡಲು ಹೊಸದಾಗಿ ನುಗ್ಗುವಾಗ ಜೇಡಿಮಣ್ಣು ಸೋಡಿಯಮ್ಮನ್ನು ಹಿಡಿದುಕೊಂಡು ಕ್ಯಾಲ್ಸಿಯಂ ಬಿಟ್ಟುಕೊಡುವುದರಿಂದ ಇನ್ನೂ ಇಳಿಯುತ್ತದೆ. ನಮ್ಮಲ್ಲಿ ನೈಟ್ರೇಟ್ ಕೂಡ 45ರ ಮಿತಿ ದಾಟಿತ್ತು, ಅದು ಕಡಲಿನ ಗುರುತಲ್ಲ.

ಉಳ್ಳಾಲದ ಬಾವಿಯ ಬಗ್ಗೆ ನಿಜಕ್ಕೂ ಚಿಂತಿಸಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ನೂರು ಕೊಡ ನೀರಿನಲ್ಲಿ ಒಂದು ಕೊಡ ಕಡಲಿನದಾದರೂ 190ರಷ್ಟು ಏರಿಬಿಡುತ್ತದೆ. ಕುಡಿಯುವ ನೀರಿಗೆ ಅಪೇಕ್ಷಿತ ಮಿತಿಯೇ 250. ಆದರೆ ಒಂದು ಸಲದ ವರದಿಯನ್ನು ನೆಚ್ಚಬೇಡಿ. ಮೇ ತಿಂಗಳ ನೀರನ್ನು ಮಳೆ ಬಿದ್ದ ಆಗಸ್ಟಿನ ನೀರಿನ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ಪ್ರತಿ ವರ್ಷ ಮೇ ತಿಂಗಳಲ್ಲೇ, ಪಂಪನ್ನು ಅಷ್ಟೇ ಹೊತ್ತು ಓಡಿಸಿ ಮಾದರಿ ತೆಗೆಯಿರಿ. ಐದು ವರ್ಷದ ಅಂಕಿಗಳನ್ನು ಎರಡೆರಡಾಗಿ ಹೋಲಿಸಿದರೆ ಹತ್ತು ಜೋಡಿ. ಹತ್ತರಲ್ಲೂ ಮುಂದಿನ ವರ್ಷದ್ದೇ ಹೆಚ್ಚಾಗಿದ್ದರೆ, ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ 120ರಲ್ಲಿ ಒಂದು. ಮಾನ್–ಕೆಂಡಾಲ್ ಪರೀಕ್ಷೆ ಎನ್ನುವುದು ಇದನ್ನೇ. ಸರಾಸರಿಗಿಂತ ಇದು ನನಗೆ ಮೆಚ್ಚು, ಏಕೆಂದರೆ ಒಂದು ವರ್ಷದ ಅಂಕಿ ವಿಪರೀತವಾಗಿದ್ದರೂ ಲೆಕ್ಕ ಕೆಡುವುದಿಲ್ಲ.

ಏರಿಕೆ ಇದೆ ಎಂದ ಮಾತ್ರಕ್ಕೆ ಕಾರಣ ಕಡಲೇ ಎಂದಾಗಲಿಲ್ಲ. ಒಳಭಾಗದ ಇನ್ನೊಂದು ಬಾವಿಯ ನೀರನ್ನೂ ಅದೇ ದಿನ ಪರೀಕ್ಷೆಗೆ ಕೊಡಿ. ಎರಡೂ ಒಟ್ಟಿಗೆ ಏರಿದರೆ ಮಳೆ ಕೈಕೊಟ್ಟಿರಬಹುದು. ಕಡಲ ಕಡೆಯದು ಮಾತ್ರ ಏರಿ, ಅನುಪಾತವೂ 0.86ರ ಕೆಳಕ್ಕೆ ಜಾರುತ್ತಿದ್ದರೆ ನನಗೆ ಅನುಮಾನ ಉಳಿಯುವುದಿಲ್ಲ. ಹಾಗೇನಾದರೂ ಕಂಡರೆ ಆ ಬೇಸಿಗೆಯಲ್ಲೇ ಪಂಪ್ ಓಡಿಸುವುದನ್ನು ಕಡಿಮೆ ಮಾಡಿಸಿ: ಕಡಲಂಚಿನಲ್ಲಿ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ, ಅಡಿಯಲ್ಲಿರುವ ಉಪ್ಪುನೀರು ಕಾಲಕ್ರಮದಲ್ಲಿ ಸುಮಾರು 40 ಅಡಿ ಮೇಲೇರಬಲ್ಲದು.